ಗಂಗಾಧರಪ್ಪನ ಫಿಟ್ಟಿಂಗ್

ಶಿವಮೊಗ್ಗದಲ್ಲಿ ಕಾರು ಕೆಟ್ಟರೆ ಆಗ ಎರಡೇ ದಾರಿ. ದುಡ್ಡಿದ್ದವರು, ಅಚ್ಚಾದ ಕಾಗದವನ್ನು ನಂಬುವವರು ಕಂಪನಿ ಗ್ಯಾರೇಜಿಗೆ ಹೋಗುತ್ತಿದ್ದರು. ಮಿಕ್ಕವರೆಲ್ಲ ಕೋಟೆಯ ಹತ್ತಿರ ಹುಣಸೆಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಗಂಗಾಧರಪ್ಪನಲ್ಲಿಗೆ ಬರುತ್ತಿದ್ದರು. ಅವನ ಕೈ ಒಳ್ಳೆಯದು, ಬಾಯಿ ಮಾತ್ರ ಸ್ವಲ್ಪ ಜೋರು. ಬ್ರೇಕು ಹಿಡಿಯುತ್ತಿಲ್ಲ ಎಂದು ಬಂದವನನ್ನು "ಹಿಡೀದೇ ಇದ್ರೆ ಇಲ್ಲಿ ಹೆಂಗೆ ನಿಲ್ಲಿಸ್ದೆ ಮಾರಾಯ?" ಎಂದು ಕೇಳದೆ ಅವನು ಕೆಲಸಕ್ಕೆ ಕೈ ಹಚ್ಚಿದವನಲ್ಲ.

ಹೊಸ ಸಾಮಾನಿನ ಡಬ್ಬಿಯೊಳಗೆ ಕಂಪನಿಯವರು ಒಂದು ಚೀಟಿ ಇಟ್ಟಿರುತ್ತಿದ್ದರು. ಆರು ತಿಂಗಳೊಳಗೆ ಕೆಟ್ಟರೆ ಬದಲಿ ಕೊಡುತ್ತೇವೆ, ಆದರೆ ನಮ್ಮ ಗ್ಯಾರೇಜಿನಲ್ಲೇ ಜೋಡಿಸಿರಬೇಕು ಎಂದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಅದು ಉಲ್ಟಾ. ಕಂಪನಿ ಕೊಡದಿದ್ದರೂ ಗಾಂಧಿ ಬಜಾರಿನ ಮೂರ್ತಪ್ಪ ಕೊಡುತ್ತಿದ್ದ. ಊರಿನಲ್ಲಿ ಮೋಟಾರು ಸಾಮಾನು ಮಾರುತ್ತಿದ್ದವನು ಅವನೇ. ಯಾರಾದರೂ ಕೆಟ್ಟ ಸಾಮಾನು ಹಿಡಿದು ಬಂದರೆ "ಹಾಕಿದೋನು ಯಾರು? ಗಂಗಾಧರಪ್ಪನಾ? ಹಂಗಾದ್ರೆ ಸಾಮಾನೇ ಕೆಟ್ಟಿರ್ಬೇಕು" ಎಂದು ಬದಲಿ ತೆಗೆದುಕೊಡುತ್ತಿದ್ದ. ಕಂಪನಿಯವರಿಗೆ ಏನು ಸಮಾಧಾನ ಹೇಳುತ್ತಿದ್ದನೋ ಅವನಿಗೇ ಗೊತ್ತು. ಭದ್ರಾವತಿಯ ಟ್ಯಾಕ್ಸಿಯವರು ಅಷ್ಟು ದೂರದಿಂದ ಹುಣಸೆಮರದವರೆಗೆ ಬರುತ್ತಿದ್ದುದು ಆ ಒಂದು ಮಾತಿಗಾಗಿ. ಅದು ಹೋದರೆ ತನ್ನ ಪಾಲಿಗೆ ಮರವೊಂದೇ ಉಳಿಯುತ್ತದೆ ಎಂಬುದು ಗಂಗಾಧರಪ್ಪನಿಗೂ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಉಜ್ಜನಪ್ಪನ ಡೈನಮೋ ಪ್ರಕರಣ ಬಂತು. ಉಜ್ಜನಪ್ಪ ಭದ್ರಾವತಿ ನ್ಯೂ ಟೌನಿನವನು. ಹಳೆಯ ಲ್ಯಾಂಡ್‌ಮಾಸ್ಟರ್ ಕಾರನ್ನು ಟ್ಯಾಕ್ಸಿ ಮಾಡಿಕೊಂಡು ಕಾರ್ಖಾನೆಯ ಅಧಿಕಾರಿಗಳನ್ನು ಶಿವಮೊಗ್ಗದ ಕಚೇರಿ, ಕೋರ್ಟುಗಳಿಗೆ ಕರೆತಂದು ಬಿಡುತ್ತಿದ್ದ. ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ಸುಟ್ಟುಹೋಗಿ, ಕಾರನ್ನು ಗಂಗಾಧರಪ್ಪನ ಶೆಡ್ಡಿನಲ್ಲಿ ಬಿಟ್ಟು, ಮೂರ್ತಪ್ಪನ ಅಂಗಡಿಯಿಂದ ಹೊಸದನ್ನು ಕೊಂಡು ತಂದ. ತಂದ ಹೊತ್ತು ಸರಿಯಿರಲಿಲ್ಲ. ಆವತ್ತು ಆಯುಧಪೂಜೆ. ಗಂಗಾಧರಪ್ಪ ಸ್ಪ್ಯಾನರುಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಕೆಳಗೆ ಸಾಲಾಗಿ ಮಲಗಿಸಿಬಿಟ್ಟಿದ್ದ. ಪೂಜೆಗೆ ಕೂತ ಆಯುಧವನ್ನು ಮುಟ್ಟುವ ಹಾಗಿಲ್ಲ.

"ನಾಳೆ ಬಾ ಮಾರಾಯ. ಇವತ್ತು ಅವಕ್ಕೂ ರಜ, ನಂಗೂ ರಜ" ಎಂದ. ಉಜ್ಜನಪ್ಪ ಡೈನಮೋ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಮರುದಿನ ವಿಜಯದಶಮಿ. ಉಜ್ಜನಪ್ಪನ ಜೊತೆ ಅವನ ತಾಯಿ ಶಂಕರಮ್ಮನೂ ಬಂದಳು. ಹಿತ್ತಾಳೆ ತಟ್ಟೆಯಲ್ಲಿ ಡೈನಮೋ, ಅದರ ಮೇಲೆ ವಿಭೂತಿ, ಕುಂಕುಮ, ಮಲ್ಲಿಗೆ. ಗಂಗಾಧರಪ್ಪ ಕೈಯೊರೆಸಿಕೊಂಡು ಅದನ್ನು ತೆಗೆದು ಕಣ್ಣಿಗೊತ್ತಿಕೊಂಡ. ಶಂಕರಮ್ಮ ಪ್ರಸಾದ ಕೊಟ್ಟಳು. ಊಟದ ಹೊತ್ತಿಗೆ ಡೈನಮೋ ಕಾರಿನಲ್ಲಿ ಕೂತಿತ್ತು, ತಾಯಿ ಮಗ ಅದೇ ಕಾರಿನಲ್ಲಿ ಊರಿಗೆ ಹೋದರು.

ವಾರ ಕಳೆಯುವುದರೊಳಗೆ ಮಾಚೇನಹಳ್ಳಿಯ ಹತ್ತಿರ ನಡುರಸ್ತೆಯಲ್ಲಿ ಕಾರು ನಿಂತಿತು. ಒಳಗೆ ಕಾರ್ಖಾನೆಯ ದೊಡ್ಡ ಅಧಿಕಾರಿ. ಅವರು ಸೂಟು ಹಾಕಿಕೊಂಡೇ ಅಡಿಕೆ ಮೂಟೆಯ ಲಾರಿ ಹತ್ತಿ ಶಿವಮೊಗ್ಗಕ್ಕೆ ಬರಬೇಕಾಯಿತು. ಇನ್ನೊಂದು ಸಲ ಹೀಗಾದರೆ ಬೇರೆ ಟ್ಯಾಕ್ಸಿ ನೋಡಿಕೊಳ್ಳುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿ ಹೋದರು.

ಗಂಗಾಧರಪ್ಪ ಹೋಗಿ ನೋಡಿದ. ಡೈನಮೋ ಸತ್ತಿತ್ತು. ಬಿಚ್ಚಿ ತೆಗೆದುಕೊಂಡು, ಎಂದಿನ ಧೈರ್ಯದಲ್ಲಿ ಉಜ್ಜನಪ್ಪನ ಜೊತೆ ಮೂರ್ತಪ್ಪನ ಅಂಗಡಿಗೆ ನಡೆದ. ಶಂಕರಮ್ಮನೂ ಹಿಂದೆಯೇ ಬಂದಳು. ಹೊಸ ಸಾಮಾನು ವಾರವೂ ಬಾಳದಿದ್ದುದು ಅಂಗಡಿಯವನ ಮೋಸವೆಂದೇ ಅವಳ ಲೆಕ್ಕ. ನಾಲ್ಕು ಮಾತು ಆಡಿಯೇ ಬರಬೇಕೆಂದು ಭದ್ರಾವತಿಯಿಂದ ಬಂದಿದ್ದಳು.

ಮೂರ್ತಪ್ಪ ಆವತ್ತು ಎಂದಿನಂತಿರಲಿಲ್ಲ. ಹಿಂದಿನ ದಿನವಷ್ಟೇ ಕಂಪನಿಯ ಮನುಷ್ಯ ಬಂದು, ಕಂಡಕಂಡಲ್ಲಿ ಜೋಡಿಸಿದ ಸಾಮಾನಿಗೆಲ್ಲ ಬದಲಿ ಕೇಳಿದರೆ ನಿಮ್ಮ ಏಜೆನ್ಸಿಯೇ ಇರುವುದಿಲ್ಲ ಎಂದು ಜಾಡಿಸಿ ಹೋಗಿದ್ದ.

"ನೋಡು ಗಂಗಾಧರಪ್ಪ, ಇನ್ನು ಬರೀ ಬಾಯಿಮಾತಿನ ಮೇಲೆ ನಡೆಯಲ್ಲ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ, ಹಂಗೆ ಫಿಟ್ಟರುಗಳೆಲ್ಲ ಸಾಮಾನು ಡೊಂಕು ಅಂತೀರಿ."

ಗಂಗಾಧರಪ್ಪನ ಮೂಗಿನ ತುದಿ ಕೆಂಪಾಯಿತು. "ಯಾರಿಗೆ ಹೇಳ್ತಿದ್ದೀರಿ ಸಾವ್ಕಾರ್ರೇ? ಇಲ್ಲೇ ಬಿಚ್ತೀನಿ, ನಿಮ್ಮ ಕಣ್ಮುಂದೆ. ನನ್ನ ಕೈ ತಪ್ಪಿದ್ರೆ ಇವತ್ತಿಂದ ನನ್ನ ಫಿಟ್ಟಿಂಗಿಗೆ ನೀವು ಬದಲಿ ಕೊಡ್ಬೇಡಿ."

"ಸಾಮಾನು ತಪ್ಪಿದ್ರೆ ಈಗ್ಲೇ ಹೊಸದು ಕೊಡ್ತೀನಿ" ಎಂದ ಮೂರ್ತಪ್ಪ. "ಆಡಿದ ಮಾತು ಆಡಿದ್ದೇ, ಇಬ್ರಿಗೂ."

ಅಂಗಡಿಯಲ್ಲಿದ್ದ ಡ್ರೈವರುಗಳು ಬೀಡಿ ಆರಿಸಿ ಹತ್ತಿರ ಬಂದರು. ಗಂಗಾಧರಪ್ಪ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ಉದ್ದ ಬೋಲ್ಟುಗಳನ್ನು ಸಡಿಲಿಸಿ, ಡೈನಮೋದ ಮುಚ್ಚಳ ಕಿತ್ತ. ಮೊದಲು ಹುಳಿ ಹುಳಿಯಾದ ವಾಸನೆ ಬಂತು. ಆಮೇಲೆ ಒಂದು ಇರುವೆ ಹೊರಗೆ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಸಂಸಾರವೇ. ತಾಮ್ರದ ತಂತಿಗಳ ಮೇಲೆಲ್ಲ ಬಿಳಿಯದೇನೋ ಗಟ್ಟಿಯಾಗಿ ಅಂಟಿಕೊಂಡು, ಸುಟ್ಟು ಕರಕಲಾಗಿತ್ತು.

"ಇದೇನ್ರೀ ಇದು? ಮೋಟಾರು ಸಾಮಾನೋ, ಮಿಠಾಯಿ ಅಂಗಡೀನೋ?" ಎಂದ ಮೂರ್ತಪ್ಪ.

ಶಂಕರಮ್ಮ ಆಡಬೇಕೆಂದು ತಂದಿದ್ದ ನಾಲ್ಕು ಮಾತುಗಳು ಅಲ್ಲೇ ಉಳಿದವು. ಸೆರಗು ಹೊದ್ದುಕೊಂಡು ಮೆಲ್ಲಗೆ ಹೇಳಿದಳು: "ನಾನೇ ಕಣಪ್ಪ. ದೇವರ ಮನೇಲಿಟ್ಟು ಪಂಚಾಮೃತದ ಅಭಿಷೇಕ ಮಾಡ್ದೆ. ಆಮೇಲೆ ನೀರು ಹಾಕಿ ತೊಳೆದು ಒರೆಸಿದ್ದೆ."

ಉಜ್ಜನಪ್ಪ ತಲೆ ಚಚ್ಚಿಕೊಂಡ. "ಬುದ್ಧಿ ಐತೇನವ್ವ ನಿಂಗೆ? ಅದೇನು ಲಿಂಗಾನಾ, ಹಾಲು ಹೊಯ್ಯೋಕೆ?"

"ಹೊಸ ಎತ್ತು ತಂದ್ರೆ ಮೈ ತೊಳೆದು ಪೂಜೆ ಮಾಡ್ದೆ ನೊಗಕ್ಕೆ ಕಟ್ತಾರೇನೋ? ಹಳೇದು ನಿನ್ನ ದಾರೀಲಿ ಬಿಟ್ಟಿತ್ತು. ಇದಾದ್ರೂ ಕೈ ಬಿಡ್ದೇ ಇರ್ಲಿ ಅಂತ ಮಾಡ್ದೆ."

ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನಂತೂ ಇನ್ನು ಮೇಲೆ ನಮ್ಮ ಲಾರಿಗೂ ಡೀಸೆಲ್ಲಿನ ಬದಲು ತುಪ್ಪ ಹೊಯ್ಯಬೇಕು ಎಂದ. ನಗು ಹೆಚ್ಚಿದಷ್ಟೂ ಉಜ್ಜನಪ್ಪನ ಬೈಗುಳವೂ ಹೆಚ್ಚಿತು. ಬಜಾರಿನ ಮಧ್ಯೆ ನಿಂತು ಹೆತ್ತ ತಾಯಿಯನ್ನು, ನನ್ನ ಅನ್ನಕ್ಕೆ ಮಣ್ಣು ಹಾಕಿದೆ ಎಂದೆಲ್ಲ ಅಂದುಬಿಟ್ಟ.

ಮೂರ್ತಪ್ಪ ಗಂಗಾಧರಪ್ಪನ ಬೆನ್ನು ತಟ್ಟಿದ. "ಸಾಮಾನಿನ ತಪ್ಪೂ ಅಲ್ಲ, ನಿನ್ನ ತಪ್ಪೂ ಅಲ್ಲ. ನಿನ್ನ ಮಾತು ಉಳೀತು ಬಿಡು, ಮುಂಚಿನ ಹಂಗೇ ನಡೀಲಿ."

ಗಂಗಾಧರಪ್ಪನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಗೋಣಿಚೀಲ ಮಡಚುತ್ತ ಸುಮ್ಮನೆ ತಲೆಯೆತ್ತಿದಾಗ ಶಂಕರಮ್ಮ ತನ್ನನ್ನೇ ನೋಡುತ್ತಿರುವುದು ಕಂಡಿತು. ಅದು ದೂರುವ ನೋಟವಾಗಿರಲಿಲ್ಲ. ಒಂದು ಮಾತು ಬಾಯಿಯವರೆಗೆ ಬಂದು, ಬೇಡ ಬಿಡು ಎಂದು ಅವಳು ನುಂಗಿಕೊಂಡ ಹಾಗಿತ್ತು.

ಆಗ ಅವನಿಗೆ ನೆನಪಾಯಿತು. ವಿಜಯದಶಮಿಯ ಬೆಳಿಗ್ಗೆ ಅವಳು ಕೊಟ್ಟ ಪ್ರಸಾದ ಹೂವಲ್ಲ, ಹಣ್ಣಲ್ಲ. ಪಂಚಾಮೃತದ ಪುಟ್ಟ ಗಿಂಡಿ ಬಗ್ಗಿಸಿ, ಡೈನಮೋ ತೋರಿಸಿ "ಇದಕ್ಕೆ ಅಭಿಷೇಕ ಮಾಡಿದ್ದು ಕಣಪ್ಪ, ತಗೋ" ಎಂದಿದ್ದಳು. ಅವನು ಬೊಗಸೆಯೊಡ್ಡಿ ಕುಡಿದಿದ್ದ. ಚೆನ್ನಾಗಿದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡಿದ್ದ. ಕೈಯನ್ನು ತಲೆಗೆ ಸವರಿಕೊಂಡು, ಅದೇ ಕೈಯಲ್ಲಿ ಡೈನಮೋ ಎತ್ತಿ ಕಾರಿಗೆ ಹಾಕಿದ್ದ. ಹಾಲು ಬಿದ್ದದ್ದು ಯಾವುದರ ಮೇಲೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದರೂ ಅವನ ತಲೆಗೆ ಹೋಗಿರಲಿಲ್ಲ. ಪ್ರಸಾದ ಬಂದಾಗ ಯಾರ ತಲೆ ತಾನೇ ಕೆಲಸ ಮಾಡುತ್ತದೆ? ಕೈ ಮುಂದೆ ಹೋಗುತ್ತದೆ, ಅಷ್ಟೆ.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಮುದುಕಿ ಹೇಳುವವಳಲ್ಲ, ಕೇಳುವವರಿಲ್ಲ. ಆದರೆ ಉಜ್ಜನಪ್ಪನ ಬಾಯಿ ಇನ್ನೂ ನಿಂತಿರಲಿಲ್ಲ. ಗಂಗಾಧರಪ್ಪನಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು.

"ಸಾಕು ನಿಲ್ಸೋ ಉಜ್ಜನಪ್ಪ! ಅಭಿಷೇಕ ಮಾಡಿದ್ದು ಅಂತ ನಿಮ್ಮವ್ವ ನಂಗೆ ಹೇಳೇ ಕೊಟ್ಟಿದ್ಲು. ತಪ್ಪು ನಂದು" ಎಂದು ಗದರಿದ.

ಮೂರ್ತಪ್ಪ ಕನ್ನಡಕ ಕೆಳಗಿಳಿಸಿದ. "ಹೇಳಿದ್ಲಾ? ಹೇಳಿದ ಮೇಲೂ ಹಾಕಿದ್ಯಾ?"

"ತೀರ್ಥ ಕೊಟ್ಲು, ಕುಡಿದೆ. ಎರಡು ಸಲ ಕುಡಿದೆ. ಆಮೇಲೆ ಹಾಕಿದೆ. ಫಿಟ್ ಮಾಡೋಕೆ ಮುಂಚೆ ಬಿಚ್ಚಿ ನೋಡ್ಬೇಕಾದೋನು ನಾನು."

ಈಗ ನಕ್ಕ ನಗು ಮೊದಲಿನದಕ್ಕಿಂತ ಜೋರಾಗಿತ್ತು. ಮೂರ್ತಪ್ಪನಿಗೆ ಮಾತ್ರ ನಗಲಾಗಲಿಲ್ಲ. ಅಷ್ಟು ಜನರ ಎದುರು ಆಡಿದ ಮಾತು, ಮೇಲೆ ಕಂಪನಿಯವನ ಬೆದರಿಕೆ. "ಸುಮ್ನೆ ಇರೋಕಾಗ್ಲಿಲ್ವಲ್ಲ ನಿಂಗೆ" ಎಂದು ಗೊಣಗಿ, "ಹಂಗಾದ್ರೆ ಮಾತಿನ ಪ್ರಕಾರ. ಇನ್ನು ನಿನ್ನ ಫಿಟ್ಟಿಂಗಿಗೆ ನಮ್ಮಲ್ಲಿ ಬದಲಿ ಇಲ್ಲ" ಎಂದ.

"ಇಲ್ಲ ಅಂದ್ರೆ ಇಲ್ಲ" ಎಂದ ಗಂಗಾಧರಪ್ಪ. ಶಂಕರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಜ್ಜನಪ್ಪ ತಾಯಿಯ ಮುಖ ನೋಡಲಾರದೆ, ಕಾಫಿ ಕುಡೀತೀಯೇನವ್ವ ಎಂದು ಕೇಳಿ ಹೋಟೆಲಿಗೆ ಕರೆದುಕೊಂಡು ಹೋದ.

ಗಂಗಾಧರಪ್ಪ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಸುತ್ತಿಸಿ ಆ ಡೈನಮೋವನ್ನು ಸರಿಮಾಡಿಕೊಟ್ಟ. ಉಜ್ಜನಪ್ಪನ ಟ್ಯಾಕ್ಸಿ ಓಡಿತು. ಆದರೆ ಭದ್ರಾವತಿಯ ಮಿಕ್ಕ ಟ್ಯಾಕ್ಸಿಗಳು ಒಂದೊಂದಾಗಿ ಕಂಪನಿ ಗ್ಯಾರೇಜಿನ ಕಡೆ ತಿರುಗಿದವು. ಅವರನ್ನೇನೂ ಅನ್ನುವಂತಿಲ್ಲ, ಗ್ಯಾರಂಟಿ ಯಾರಿಗೆ ಬೇಡ? ಹುಣಸೆಮರದ ಕೆಳಗೆ ಪಂಕ್ಚರು, ಗ್ರೀಸು ಎಂದು ಚಿಲ್ಲರೆ ಕೆಲಸಗಳಷ್ಟೇ ಉಳಿದವು. ಸುಮ್ಮನಿರಬೇಕಿತ್ತು ಎಂದು ಗಂಗಾಧರಪ್ಪನಿಗೆ ಎಷ್ಟೋ ಸಲ ಅನಿಸಿದ್ದುಂಟು.

ಮರುವರ್ಷ ಬೇಸಿಗೆಯಲ್ಲಿ ಮೂರ್ತಪ್ಪ ಸ್ವಂತಕ್ಕೊಂದು ಸೆಕೆಂಡ್‌ಹ್ಯಾಂಡ್ ಫಿಯೆಟ್ ಕೊಂಡ. ಒಂದು ಬೆಳಿಗ್ಗೆ ಅದು ತೆವಳುತ್ತ ಬಂದು ತಗಡಿನ ಶೆಡ್ಡಿನ ಮುಂದೆ ನಿಂತಿತು. ಮೂರ್ತಪ್ಪ ಇಳಿದು, ತನ್ನದೇ ಅಂಗಡಿಯ ಹೊಸ ಕ್ಲಚ್ ಪ್ಲೇಟನ್ನು ಡಬ್ಬಿ ಸಮೇತ ಚಾಚಿದ.

ಗಂಗಾಧರಪ್ಪ ಕೈ ಮುಂದೆ ಮಾಡಲಿಲ್ಲ. "ಇಲ್ಲಿ ಹಾಕ್ಸಿದ್ರೆ ಬದಲಿ ಸಿಗಲ್ಲ ಸಾವ್ಕಾರ್ರೇ. ಕಂಪನಿ ಗ್ಯಾರೇಜಿಗೆ ಹೋಗಿ, ಅಲ್ಲಿ ಗ್ಯಾರಂಟಿ ಐತೆ."

"ಐತೆ. ಆದ್ರೆ ಅಲ್ಲಿ ತಪ್ಪಾದ್ರೆ ನಂಗೆ ಯಾರು ಹೇಳ್ತಾರೆ ಮಾರಾಯ?" ಎಂದ ಮೂರ್ತಪ್ಪ.

ಗಂಗಾಧರಪ್ಪ ಡಬ್ಬಿ ತೆಗೆದುಕೊಂಡ.