ಹೊಳೆಯಣ್ಣನ ಏಳನೇ ಹಂತ

ಹೊಳೆಯಣ್ಣ ಹಾರುತ್ತಾನೆ. ನೀರಿನಡಿಯಲ್ಲಿ ಗಂಟೆಗಟ್ಟಲೆ ಉಸಿರು ಕಟ್ಟಿ ಇರುತ್ತಾನೆ. ಹೆಗಲ ಮೇಲಿನ ಕೆಂಪು ಚೌಕಳಿ ಟವೆಲ್ಲೇ ಅವನಿಗೆ ರೆಕ್ಕೆ. ಇಷ್ಟೆಲ್ಲ ಇದ್ದೂ, ಅವನೇ ನಾಯಕನಾಗಿರುವ ಮೊಬೈಲ್ ಆಟದ ಏಳನೇ ಹಂತದಲ್ಲಿ ಮುಳುಗುವ ಹುಡುಗನನ್ನು ಅವನಿಂದ ಉಳಿಸಲಾಗುವುದಿಲ್ಲ. ಎಷ್ಟು ಬೇಗ ಹೋದರೂ ಕೈಗೆ ಸಿಗುವುದು ಹೆಣವೇ.

ವಿಮರ್ಶಕರು ಬಿಡುತ್ತಾರೆಯೇ? ಆಟ ಬಿಡುಗಡೆಯಾದ ನಾಲ್ಕನೇ ದಿನಕ್ಕೆ ಹೊಳೆಯಣ್ಣ ಊರೆಲ್ಲ ನಗುವ ಹಾಗಾದ. ಕನ್ನಡದಲ್ಲಿ ವಿಡಿಯೋ ಗೇಮ್‌ಗಳಿಗೆ ಮಾರ್ಕ್ಸ್ ಕೊಡುವ ಸಿದ್ದರಾಜು ಎಂಬವನು ತನ್ನ ಚಾನೆಲ್ಲಿನಲ್ಲಿ ಕುರ್ಚಿಯ ಮೇಲೆ ಕುಣಿಯುತ್ತ ಹೇಳಿದ: “ಗುರುವೇ, ಇದು ಸೂಪರ್ ಹೀರೋ ಅಲ್ಲ, ಹೆಣದ ವ್ಯಾನು! ಹಾರೋನ ಕೈಲೇ ಉಳಿಸಕ್ಕಾಗಲ್ಲ ಅಂದ್ಮೇಲೆ ನಾನ್ಯಾಕೆ ಬಟನ್ ಒತ್ತಿ ಒತ್ತಿ ಸಾಯ್ಲಿ? ನೀರು ಮಾತ್ರ ಸಕ್ಕತ್ತಾಗದೆ. ಹತ್ತಕ್ಕೆ ನಾಲ್ಕು.” ಇಂಗ್ಲಿಷಿನ ಒಂದು ತಾಣದವರು, ಏಳನೇ ಹಂತದಲ್ಲಿ ತಾಂತ್ರಿಕ ದೋಷವಿದೆ, ಕಂಪನಿ ಬೇಗ ಸರಿಪಡಿಸಲಿ ಎಂದು ಬುದ್ಧಿ ಹೇಳಿದರು. ಯಾರೋ ಒಬ್ಬರು ಮಾತ್ರ ‘ಈ ಆಟ ಆಡಿ ಅತ್ತೆ’ ಎಂದು ಉದ್ದಕ್ಕೆ ಬರೆದಿದ್ದರು. ಅದನ್ನು ಓದಿದವರು ಹತ್ತೊಂಬತ್ತು ಜನ.

ಇದನ್ನೆಲ್ಲ ಕವನ ಮೈಸೂರಿನಿಂದ ನಂಜನಗೂಡಿಗೆ ಬರುವ ರೈಲಿನಲ್ಲಿ ನಿಂತುಕೊಂಡೇ ಓದಿದಳು. ಆಟದ ಕಥೆ ಅವಳದು, ಏಳನೇ ಹಂತ ಪೂರಾ ಅವಳದೇ. ಸಿದ್ದರಾಜುವಿನ ವಿಡಿಯೋದ ಕೆಳಗೆ ನಾಲ್ಕು ಸಾಲು ಉಗಿದು ಬರೆದಳು, ಅಳಿಸಿದಳು. ಬಡವನ ಕೋಪ ದವಡೆಗೆ ಮೂಲ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳ ಅಪ್ಪ ಚಲುವಯ್ಯನದು ಹೊಳೆಯಿಂದ ಹೆಣ ತೆಗೆಯುವ ಕಸುಬು. ನಂಜನಗೂಡಿನ ಸ್ನಾನಘಟ್ಟದಿಂದ ಹಿಡಿದು ತಿ. ನರಸೀಪುರದ ಸಂಗಮದವರೆಗೆ ಯಾರೇ ಮುಳುಗಿದರೂ ಪೊಲೀಸರು ಮೊದಲು ಹುಡುಕುವುದು ಅವನ ನಂಬರು. ಹೆಣದ ಮುಖಕ್ಕೆ ತನ್ನ ಟವೆಲ್ ಮುಚ್ಚದೆ ಅವನು ಎಂದೂ ದಡಕ್ಕೆ ತಂದವನಲ್ಲ. ಹೆತ್ತವಳು ಆ ಮುಖವನ್ನು ಹಾಗೆ ನೋಡಬಾರದು ಎನ್ನುವುದು ಅವನ ಲೆಕ್ಕ. ಇನ್ನೊಂದು ರೂಢಿಯೂ ಇತ್ತು. ಅವನು ಅವಸರ ಮಾಡುತ್ತಿರಲಿಲ್ಲ. ಬದುಕಿರುವವರಿಗಾಗಿ ಅವನನ್ನು ಯಾರೂ ಕರೆದದ್ದೇ ಇಲ್ಲವಲ್ಲ. ಸತ್ತೋರಿಗೇನು ಅವಸರ ಎನ್ನುತ್ತ, ಕೈಲಿದ್ದ ಕೆಲಸ ಮುಗಿಸಿಯೇ ಏಳುತ್ತಿದ್ದ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಾಗೇ ಫೋನು ಬಂತು. ಸಂಗಮದಲ್ಲಿ ತೆಪ್ಪ ಹಾಕುವ ಪುಟ್ಟಬಸವಯ್ಯ ಮಾಡಿದ್ದ. ಯಾವುದೋ ಹುಡುಗ ಮುಳುಗಿದ್ದಾನೆ, ಜೊತೆಗಿದ್ದವರು ಹೆದರಿ ಓಡಿದ್ದಾರೆ, ಬಾ ಅಂದ. ತಟ್ಟೆಯಲ್ಲಿ ಮುದ್ದೆ ಬಿಸಿಯಾಗಿತ್ತು, ಉಪ್ಸಾರೂ ಇತ್ತು. ಚಲುವಯ್ಯ ಮುದ್ದೆ ಪೂರಾ ಉಂಡ, ಒಂದು ಲೋಟ ಮಜ್ಜಿಗೆ ಕುಡಿದ, ಬಸ್ಸು ಹಿಡಿದು ಹೋದ. ಎರಡನೇ ಮುಳುಗಿಗೆ ಹುಡುಗ ಸಿಕ್ಕ. ಮುಖಕ್ಕೆ ಟವೆಲ್ ಮುಚ್ಚಲು ಹೋದಾಗ ಗೊತ್ತಾಯಿತು, ಅದು ತನ್ನ ಮಗ ಮಾದೇಶ್ ಅಂತ.

“ನೀನು ಆರ್ಕೊಂಡ್ ಬಂದಿದ್ರೂವೆ ಉಳೀತಿರ್ಲಿಲ್ಲ ಕಣಣ್ಣ” ಎಂದ ಪುಟ್ಟಬಸವಯ್ಯ. ಡಾಕ್ಟರೂ ಅದನ್ನೇ ಹೇಳಿದರು, ನೆಂಟರೂ ಅದನ್ನೇ ಹೇಳಿದರು. ಅದು ನಿಜವೂ ಹೌದು, ದಾರಿಯೇ ಒಂದು ಗಂಟೆಯದು. ಚಲುವಯ್ಯ ತಲೆಯಾಡಿಸಿದ, ಆದರೆ ಅಂದಿನಿಂದ ಮುದ್ದೆ ಮುಟ್ಟಲಿಲ್ಲ. ಮುದ್ದೆಯಿಲ್ಲದೆ ಒಂದು ದಿನ ಕಳೆಯದವನು ಆರು ವರ್ಷ ಅನ್ನ ಕೆದಕಿಕೊಂಡು ಎದ್ದ.

ಅವನಿಗೋಸ್ಕರವೇ ಕವನ ಏಳನೇ ಹಂತ ಮಾಡಿದ್ದು. ಅದರಲ್ಲಿ ಹೊಳೆಯಣ್ಣ ಉಣ್ಣುತ್ತಿರುವಾಗ ಕರೆ ಬರುತ್ತದೆ. ತಟ್ಟೆ ಮುಗಿಸಿ ಹಾರಿದರೂ ಹೆಣ, ತಟ್ಟೆ ಬಿಟ್ಟು ಹಾರಿದರೂ ಹೆಣ. ಬಾಯಿಮಾತನ್ನು ನಂಬದ ಅಪ್ಪ ತಾನೇ ಹಾರಿ ನೋಡಲಿ ಅಂತ ಅವಳ ಆಸೆ. ಚಲುವಯ್ಯ ನೀರಿನಲ್ಲಿ ನೆನೆದು ದಪ್ಪಗಾದ ಹೆಬ್ಬೆರಳಿನಿಂದ ಆ ಹಂತವನ್ನು ಇಪ್ಪತ್ತು ಸಲ ಆಡಿದ. ಆಮೇಲೆ ಫೋನು ಕೆಳಗಿಟ್ಟು, “ಸರಿಯಾಗದೆ ಕಣವ್ವ. ಆರ್ಕೊಂಡ್ ಓದ್ರೂ ಸಿಗಾಕಿಲ್ಲ” ಎಂದ. ಹಾಗೇ ಒಳಗೆ ಕೂಗಿ ಹೇಳಿದ, “ಗೋವಿಂದಮ್ಮ, ರಾತ್ರಿಗೆ ನಂಗೊಂದ್ ಮುದ್ದೆ ತಿರುವು.” ಕವನಳ ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಒಲೆ ಮೇಲೆ ಎಸರಿಟ್ಟಳು. ಇಂಥ ಆಟಕ್ಕೆ ಹತ್ತಕ್ಕೆ ನಾಲ್ಕಂತೆ! ಕೊಡಲಿ ಬಿಡಿ.

ಆದರೆ ಕಂಪನಿ ನಡೆಯಬೇಕಲ್ಲ. ಮೈಸೂರಿನ ಆ ಎರಡು ಕೋಣೆಯ ಆಫೀಸಿನಲ್ಲಿ ದುಡಿಯುವವರು ಆರು ಜನ, ಒಡೆಯ ಸಮೀರ. ಕೆಟ್ಟವನಲ್ಲ, ಹೆದರಿದವನು.

“ನೋಡಿ ಕವನ, ಎಲ್ಲರೂ ಒಂದೇ ಮಾತು ಹೇಳ್ತಿದ್ದಾರೆ. ಆ ಹುಡುಗ ಬದುಕೋ ಹಾಗೆ ಮಾಡಿ” ಎಂದ. “ಊಟದ ತಟ್ಟೆ ಹೇಗೂ ಇದೆಯಲ್ಲ? ಉಂಡು ಹೊರಟರೆ ಸಾಯ್ತಾನೆ, ಉಣ್ಣದೆ ಎದ್ದರೆ ಬದುಕ್ತಾನೆ. ಆಡೋರಿಗೂ ಒಂದು ಆಯ್ಕೆ ಇರುತ್ತೆ. ಇದು ಎದ್ದು ನಿಲ್ಲದಿದ್ರೆ ಮುಂದಿನ ತಿಂಗಳು ಬಾಗಿಲು ಹಾಕಬೇಕು.”

ಅವನಿಗೆ ಮಾದೇಶನ ವಿಷಯ ಗೊತ್ತಿರಲಿಲ್ಲ. ಹೇಳಬಹುದಿತ್ತು. ಹೇಳಿದರೆ ಅಪ್ಪನ ಮುದ್ದೆಯ ವಿಷಯವನ್ನೂ ಹೇಳಬೇಕಾಗುತ್ತಿತ್ತು, ಅದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ಕೂತು, ತನ್ನ ಕೈಯಾರೆ ಬರೆದಳು: ಕರೆ ಬಂದ ನಲವತ್ತು ಸೆಕೆಂಡಿನೊಳಗೆ ತಟ್ಟೆ ಬಿಟ್ಟು ಎದ್ದರೆ ಹುಡುಗ ಉಸಿರಾಡುತ್ತಾನೆ. ಅಂದು ಮನೆಗೆ ಬಂದವಳೇ ಅಪ್ಪನ ಫೋನಿನಲ್ಲಿ ಆಟ ತಾನಾಗಿ ಅಪ್‌ಡೇಟ್ ಆಗದ ಹಾಗೆ ಮಾಡಿ, “ಅಪ್ಪ, ಅಪ್‌ಡೇಟ್ ಅಂತ ಕೇಳಿದ್ರೆ ಒತ್ಬೇಡ, ಕೆಟ್ಟೋಯ್ತದೆ” ಎಂದು ಹೇಳಿದಳು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಮಗಳನ್ನು ಬೈದ ಸಿದ್ದರಾಜುವಿನ ಚಾನೆಲ್ಲನ್ನು ಚಲುವಯ್ಯ ದಿನಾ ತೆರೆದು ನೋಡುತ್ತಿದ್ದ. ಇನ್ನೊಂದು ಸಲ ಬೈದರೆ ಅವನ ಊರು ಹುಡುಕಿಕೊಂಡು ಹೋಗುವುದಾಗಿ ಹೆಂಡತಿಗೆ ಹೇಳಿದ್ದ. ಒಂದು ಭಾನುವಾರ ಸಿದ್ದರಾಜು ಮತ್ತೆ ಬಂದ. ಈ ಸಲ ಕೈಮುಗಿದುಕೊಂಡು ಬಂದಿದ್ದ. “ತಿದ್ದಿದ್ದಾರೆ ಗುರುವೇ! ಏಳನೇ ಹಂತ ನೋಡಿ, ಕಣ್ಣಲ್ಲಿ ನೀರು ಬರುತ್ತೆ. ಊಟ ಬಿಟ್ಟು ಎದ್ರೆ ಸಾಕು, ಹುಡುಗ ಬದುಕ್ತಾನೆ. ಹತ್ತಕ್ಕೆ ಒಂಬತ್ತು!”

ಆ ಹೊತ್ತಿಗೆ ಕವನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಸಮೀರ ಫೋನು ಮಾಡಿ, ಕಂಪನಿ ಉಳೀತು ಎಂದು ಕೂಗಿದ. ಸಂತೋಷವಾಯಿತು, ಸುಳ್ಳು ಯಾಕೆ. ಒಳಗೆ ಬಂದರೆ ಅಪ್ಪ ಗೋಡೆಗೊರಗಿ ಕೂತಿದ್ದಾನೆ. ತಲೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಮಾದೇಶನ ಫೋಟೋ. ಕೈಲಿ ಆಟ, ಅಪ್‌ಡೇಟ್ ತಾನೇ ಒತ್ತಿದ್ದ. ಪರದೆಯ ಮೇಲೆ ಹುಡುಗ ಕೆಮ್ಮಿ, ನೀರು ಕಾರಿ, ಕಣ್ಣು ಬಿಟ್ಟ.

“ನಲವತ್ತು ಸೆಕೆಂಡ್ ಕಣವ್ವ” ಎಂದ ಚಲುವಯ್ಯ. “ತಟ್ಟೆ ಬುಟ್ಟು ಎದ್ರೆ ಸಾಕು.”

“ಅಪ್ಪ, ಅದು ಆಟ. ಜನ ಕೇಳಿದ್ರು ಅಂತ ಸುಮ್ನೆ ಮಾಡಿದ್ದು. ನಿಜ ಅಲ್ಲ.”

ಚಲುವಯ್ಯ ಅವಳ ಮುಖ ನೋಡಿದ. ಅವನ ನೋಟದಲ್ಲಿ ಕೋಪವಿರಲಿಲ್ಲ.

“ಮೊದ್ಲು ಮಾಡಿದ್ದೂ ಆಟವೇ ಅಲ್ವ ಮಗ?”

ಕವನ ಅವನೆದುರು ಕೂತಳು. ಮೊದಲಿನದು ನಿಜ ಅಪ್ಪ ಎಂದಳು, ಡಾಕ್ಟರ್ ಹೇಳಿದ್ದನ್ನು ಹೇಳಿದಳು, ಬಸ್ಸಿನ ದಾರಿಯನ್ನು ಹೇಳಿದಳು. ಅವನು ಎಲ್ಲಕ್ಕೂ ಹ್ಞೂಂ ಅಂದ. ಆರು ವರ್ಷದಿಂದ ಅನ್ನುತ್ತಿದ್ದ ಅದೇ ಹ್ಞೂಂ.

ಗೋವಿಂದಮ್ಮ ತಟ್ಟೆ ತಂದಿಟ್ಟಳು. ಚಲುವಯ್ಯ ಮುದ್ದೆಗೆ ಬೆರಳಿಟ್ಟ. ಅಷ್ಟರಲ್ಲಿ ಫೋನು ಬಂತು. ಪುಟ್ಟಬಸವಯ್ಯನ ಗಟ್ಟಿದನಿ ಎಲ್ಲರಿಗೂ ಕೇಳಿಸಿತು. “ನೆನ್ನೆ ಸಂಜೆ ಮುಳುಗ್ದೋನಂತೆ ಕಣಣ್ಣ, ಹೆಣ ಇನ್ನೂ ಸಿಕ್ಕಿಲ್ಲ. ಉಂಡ್ಕಂಡು ಬಾ, ಅವಸರ ಏನಿಲ್ಲ.”

ಚಲುವಯ್ಯ ಎದ್ದ. ಕೈ ತೊಳೆಯಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ. ಟವೆಲ್ ಎಳೆದುಕೊಂಡು, ಅರವತ್ತು ದಾಟಿದ ಕಾಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ಓಡಿದ.

“ಅಪ್ಪ, ಅವನು ನೆನ್ನೆನೇ ಸತ್ತೋಗವ್ನೆ! ನಿಲ್ಲಪ್ಪ!” ಕವನ ಬೀದಿ ಕೊನೆಯವರೆಗೂ ಹಿಂದೆ ಓಡಿದಳು. ಅವನು ತಿರುಗಿ ನೋಡಲಿಲ್ಲ. ಸೆಕೆಂಡು ಎಣಿಸುತ್ತಿರುವ ಹಾಗೆ ಅವನ ಗೊಣಗು ಕೇಳುತ್ತಿತ್ತು.

ವಾಪಸ್ ಬಂದಾಗ ಗೋವಿಂದಮ್ಮ ತಟ್ಟೆಯ ಮುಂದೆ ಕೂತಿದ್ದಳು. “ಏನಾಯ್ತೆ ನಿಮ್ಮಪ್ಪಂಗೆ? ಒಂದ್ ತುತ್ತೂ ಉಣ್ಣದೆ ಎದ್ದೋದ್ರಲ್ಲ?” ಎಂದು ಕೇಳಿದಳು. ಮುದ್ದೆಯ ಮೇಲೆ ಅವನ ಬೆರಳಿನ ಗುರುತು ಹಾಗೇ ಇತ್ತು.