ಬಿ ಸೈಡಿನ ಮೂರನೇ ಹಾಡು

ನಾನು ಇಪ್ಪತ್ತೆರಡು ವರ್ಷ ಬೆಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಬೇಸ್ ಗಿಟಾರ್ ನುಡಿಸಿದವನು. ಹೀಗೆಂದಾಗ ಎದುರಿನವರು "ಹಾಡೂ ಹೇಳ್ತೀರಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಮಾತು ತೆಂಗಿನಕಾಯಿ ರೇಟಿನ ಕಡೆ ಹೋಗುತ್ತದೆ.

ಹೋದ ವರ್ಷ ಕ್ಯಾತ್ಸಂದ್ರದ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಸ್ಪೀಕರಿನಲ್ಲಿ ಹಳೆಯ ಹಾಡೊಂದು ಬಂತು. ತಡೆಯಲಾರದೆ ಪಕ್ಕದವರಿಗೆ, "ಇದ್ರಲ್ಲಿ ನಾನಿದೀನಿ" ಅಂದೆ. ಅವರು ಪಾಯಸದ ಲೋಟ ಇಟ್ಟು ಕಿವಿಗೊಟ್ಟರು. "ಹಾಡಿರೋರಾ?" "ಅಲ್ಲ, ಕೆಳಗಡೆ ದುಂ ದುಂ ಅಂತ ಬರ್ತದಲ್ಲ, ಅದು." "ಓ, ತಬಲಾನಾ?" ನಾನು, "ಹೂಂ, ಅಂಥದ್ದೇ" ಎಂದು ಅನ್ನಕ್ಕೆ ಸಾರು ಹಾಕಿಸಿಕೊಂಡೆ.

ಬೇಸ್ ನಾನು ಆರಿಸಿಕೊಂಡದ್ದೂ ಅಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಿಟಾರಿಸ್ಟ್ ಆಗುತ್ತೇನೆಂದು ತುಮಕೂರಿನ ಒಂದು ಆರ್ಕೆಸ್ಟ್ರಾಕ್ಕೆ ಹೋಗಿದ್ದೆ. ಅದರ ಯಜಮಾನರು ಎರಡು ನಿಮಿಷ ಕೇಳಿ, "ನಿಂಗೆ ಆರು ತಂತಿ ಜಾಸ್ತಿ ಆಯ್ತದೆ ಕಣಯ್ಯ, ನಾಲ್ಕರದ್ದು ತಗೋ" ಎಂದು ಮೂಲೆಯಲ್ಲಿದ್ದ ಬೇಸ್ ಕೊಟ್ಟರು. ಅಲ್ಲಿಂದ ಬೆಂಗಳೂರು, ಸ್ಟುಡಿಯೋ, ಭಕ್ತಿಗೀತೆ, ಭಾವಗೀತೆ, ಸಿನಿಮಾ. ಕ್ಯಾಸೆಟ್ಟಿನ ಕಾಲ ಮುಗಿದು, ನಮ್ಮ ಕೆಲಸವನ್ನು ಕೀಬೋರ್ಡಿನವನೇ ಎಡಗೈಯಲ್ಲಿ ಮಾಡತೊಡಗಿದ ಮೇಲೆ ನಮ್ಮೂರು ಗುಬ್ಬಿಗೆ ವಾಪಸ್ ಬಂದೆ. ಹೆಂಡತಿ ಚಿಕ್ಕಮಾರಮ್ಮ ಇಲ್ಲೇ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಊರಿನಲ್ಲಿ ನನ್ನನ್ನು ಅಂಗನವಾಡಿ ಮೇಡಮ್ಮಿನ ಯಜಮಾನರು ಎಂದೇ ಗುರುತಿಸುತ್ತಾರೆ.

ಈ ಜೂನ್‌ನಲ್ಲಿ ಒಂದು ಶನಿವಾರ ನಮ್ಮ ಮನೆಯ ಮುಂದೆ ಸ್ಕೂಟರ್ ನಿಂತಿತು. ಬಂದವಳ ಹೆಸರು ತೇಜಸ್ವಿನಿ, ಇಪ್ಪತ್ತೇಳು ವರ್ಷ. ತುಮಕೂರಿನ ಬ್ಯಾಂಕೊಂದರಲ್ಲಿ ಕೆಲಸ. ಬೆನ್ನಿಗೆ ಉದ್ದನೆಯ ಕಪ್ಪು ಚೀಲ. ಅದರೊಳಗೆ ಏನಿದೆ ಎಂದು ನನಗೆ ಗೇಟಿನ ಹತ್ತಿರವೇ ಗೊತ್ತಾಯಿತು.

"ಸರ್, ಅಂಜನಮೂರ್ತಿ ಅಂದ್ರೆ ನೀವೇನಾ? ನಾನು ಬೇಸ್ ಕಲ್ತಿದ್ದೇ ನಿಮ್ಮಿಂದ ಸರ್."

ಚಿಕ್ಕಮಾರಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

ತೇಜಸ್ವಿನಿ ಹೇಳಿದ್ದು ಇಷ್ಟು. ಗೂಳೂರಿನಲ್ಲಿ ಅವಳ ಅಜ್ಜಿ ಹನುಮಕ್ಕನ ಮನೆಯಲ್ಲಿ ದೊಡ್ಡ ಸ್ಪೀಕರಿನ ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ಅಜ್ಜಿ ಸದಾ ಹಾಕುತ್ತಿದ್ದುದು ತೊಂಬತ್ತೊಂದರಲ್ಲಿ ಬಂದ ಗಣಪತಿ ಹಾಡುಗಳ ಕ್ಯಾಸೆಟ್. ಚಿಕ್ಕವಳಿದ್ದಾಗ ಇವಳು ಸ್ಪೀಕರಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳಂತೆ. ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದರೆ ಬರುವ ಬಿ ಸೈಡಿನ ಮೂರನೇ ಹಾಡಿನಲ್ಲಿ, ಎರಡನೇ ಚರಣಕ್ಕೆ ಮುಂಚೆ, ಬೇಸ್ ಮೇಲಿನಿಂದ ಮೆಲ್ಲಗೆ ಇಳಿದು ಬರುವ ಜಾಗ ಒಂದಿದೆ. ಅದು ಬಂದಾಗ ಬೆನ್ನಿನ ಮೂಳೆ ಗುಂಯ್ ಅನ್ನುತ್ತಿತ್ತಂತೆ. ದೊಡ್ಡವಳಾದ ಮೇಲೆ ಅದನ್ನು ನುಡಿಸಲೆಂದೇ ಬೇಸ್ ಕೊಂಡಳು. ಈಗ ನಾಲ್ಕು ಜನರ ಬ್ಯಾಂಡ್ ಇದೆ. ಕ್ಯಾಸೆಟ್ಟಿನಲ್ಲಿ ಆ ಜಾಗ ನುಡಿಸಿದವರು ಯಾರು ಎಂದು ಹುಡುಕುತ್ತ ಹೋಗಿ, ಬೆಂಗಳೂರಿನಲ್ಲಿ ನಿವೃತ್ತ ರೆಕಾರ್ಡಿಂಗ್ ಎಂಜಿನಿಯರ್ ಉದಯಕುಮಾರ್ ಅವರನ್ನು ಹಿಡಿದಳು.

"ಅವ್ರು ಏನಂದ್ರು?" ಎಂದು ಕೇಳಿದೆ.

"ಆ ಕಾಲ್ದಲ್ಲಿ ಬೇಸ್ ಅಂದ್ರೆ ಗುಬ್ಬಿ ಅಂಜನಮೂರ್ತಿ ಕಣಮ್ಮ, ಅಂದ್ರು ಸರ್."

ಕಿವಿ ಸರಿಯಾಗಿ ಕೇಳದವನ ಹಾಗೆ ನಟಿಸಿ ಆ ಮಾತನ್ನು ಇನ್ನೊಂದು ಸಲ ಹೇಳಿಸಿದೆ. ಚಿಕ್ಕಮಾರಮ್ಮನಿಗೂ ಕೇಳಲಿ ಎಂದು.

ತೇಜಸ್ವಿನಿ ಮೊಬೈಲಿಗೆ ಸಣ್ಣ ಸ್ಪೀಕರ್ ಸಿಕ್ಕಿಸಿ ಹಾಡು ಹಾಕಿದಳು. ಆ ಜಾಗ ಬಂತು. ನಾನು ಕಣ್ಣು ಮುಚ್ಚಿ ಕೇಳಿದೆ. ಬಹಳ ಚೆನ್ನಾಗಿತ್ತು. ಮತ್ತು ಅದನ್ನು ನುಡಿಸಿದವನು ನಾನಾಗಿರಲಿಲ್ಲ.

ಇದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಆ ಕ್ಯಾಸೆಟ್ಟಿನ ಎಂಟು ಹಾಡುಗಳಲ್ಲಿ ಆರಕ್ಕೆ ನಾನು ನುಡಿಸಿದ್ದೆ. ಉಳಿದ ಎರಡರ ದಿನ ನನಗೆ ಮಂಗನಬಾವು ಬಂದಿತ್ತು. ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಎರಡೂ ಕೆನ್ನೆ ಊದಿಕೊಂಡು, ಟವೆಲ್ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದೆ. ನನ್ನ ಬದಲು ಕುಣಿಗಲ್ಲಿನ ಯಲ್ಲಯ್ಯ ಹೋಗಿದ್ದ. ಆಮೇಲೆ ಆ ಕ್ಯಾಸೆಟ್ಟಿನ ಸಂಗೀತ ನಿರ್ದೇಶಕರು ಅವನನ್ನೇ ಕರೆಯತೊಡಗಿದರು. ಅವತ್ತಿನಿಂದ ಯಲ್ಲಯ್ಯನ ಜೊತೆ ನಾನು ಮಾತು ಬಿಟ್ಟಿದ್ದೆ.

ಇದನ್ನೆಲ್ಲ ತೇಜಸ್ವಿನಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಮಾರಮ್ಮ, "ರೀ, ಇದು ನೀವಾ? ಇಷ್ಟು ಚೆನ್ನಾಗಿ ನುಡುಸ್ತಿದ್ರಾ?" ಅಂದಳು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳ ಮುಖ ನನ್ನ ಕಡೆ ತಿರುಗಿ ಹಾಗೆ ಅರಳಿದ್ದು ಅದೇ ಮೊದಲು. ತೆರೆದ ಬಾಯಿಂದ, "ಹೂಂ ಕಣೇ" ಎಂಬ ಮಾತು ಹೊರಗೆ ಬಂತು.

ಹದಿನೈದು ದಿನಕ್ಕೆ ತುಮಕೂರಿನ ಒಂದು ಸಣ್ಣ ಸಭಾಂಗಣದಲ್ಲಿ ತೇಜಸ್ವಿನಿಯ ಬ್ಯಾಂಡಿನ ಕಾರ್ಯಕ್ರಮವಿತ್ತು. ಅಲ್ಲಿ ನನಗೆ ಸನ್ಮಾನ ಮಾಡುತ್ತೇವೆ, ಆ ಹಾಡಿಗೆ ನೀವೇ ಬೇಸ್ ನುಡಿಸಬೇಕು ಎಂದಳು. ಬೇಡ ಎನ್ನಲು ಹತ್ತು ಕಾರಣ ಹೇಳಿದೆ. ಒಂದರಲ್ಲೂ ನಿಜವಿಲ್ಲದ್ದರಿಂದ ಅವಳು ಎಲ್ಲವನ್ನೂ ಸುಲಭವಾಗಿ ತಳ್ಳಿಹಾಕಿದಳು. ಎರಡೇ ದಿನದಲ್ಲಿ ನನ್ನ ಫೋಟೋ ಹಾಕಿದ ಪೋಸ್ಟರ್ ಮೊಬೈಲಿಗೆ ಬಂತು. ಮದುವೆಯೊಂದರಲ್ಲಿ ಬಾಳೆಎಲೆ ಮುಂದೆ ಕೂತಿದ್ದಾಗ ತೆಗೆದ ಫೋಟೋ. ಎಲೆಯನ್ನು ಕತ್ತರಿಸಿದ್ದರು, ತುತ್ತಿಗೆ ತೆರೆದ ಬಾಯಿ ಹಾಗೇ ಇತ್ತು. ಚಿಕ್ಕಮಾರಮ್ಮ ಅದನ್ನು ಹಾಸನದ ಚಿಕ್ಕಮ್ಮನಿಂದ ಹಿಡಿದು ಗ್ಯಾಸ್ ಏಜೆನ್ಸಿಯವರವರೆಗೆ ಎಲ್ಲರಿಗೂ ಕಳಿಸಿದಳು.

ಅಟ್ಟದ ಮೇಲಿದ್ದ ಬೇಸ್ ಇಳಿಸಿ, ತಂತಿ ಬದಲಾಯಿಸಿ ಅಭ್ಯಾಸಕ್ಕೆ ಕೂತೆ. ಸ್ವರಗಳು ಕಷ್ಟದವಲ್ಲ, ಒಟ್ಟು ಒಂಬತ್ತು. ನಾನು ನುಡಿಸಿದರೆ ಒಂಬತ್ತೂ ಸರಿಯಾಗಿ ಬರುತ್ತಿದ್ದವು, ಆದರೆ ಅದು ಆ ಹಾಡಾಗುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಆ ಸ್ವರಗಳು ಏನನ್ನೋ ಯೋಚಿಸಿಕೊಂಡು ಇಳಿಯುತ್ತಿದ್ದವು. ನನ್ನವು ಬಸ್ಸಿಗೆ ಹೊತ್ತಾದವರ ಹಾಗೆ ಇಳಿಯುತ್ತಿದ್ದವು. ಒಂದು ವಾರ ಹೀಗೇ ಕಳೆಯಿತು. ಕೊನೆಗೆ ಬುಧವಾರ ಬೆಳಿಗ್ಗೆ, ಸ್ನೇಹಿತರನ್ನು ನೋಡಿ ಬರುತ್ತೇನೆಂದು ಹೆಂಡತಿಗೆ ಹೇಳಿ ಕುಣಿಗಲ್ಲಿಗೆ ಹೊರಟೆ.

ಯಲ್ಲಯ್ಯನ ಮನೆ ಕೆರೆ ಏರಿಯ ಹತ್ತಿರ. ನನಗಿಂತ ಐದಾರು ವರ್ಷ ದೊಡ್ಡವನು. ಜಗಲಿಯ ಮೇಲೆ ಕೂತಿದ್ದ, ಬಲಗೈ ತೊಡೆಯ ಮೇಲೆ ಅಲ್ಲಾಡದೆ ಬಿದ್ದಿತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದದ್ದು ನನಗೆ ಗೊತ್ತೇ ಇರಲಿಲ್ಲ.

"ಏನ್ಲಾ ಮೂರ್ತಿ, ದಾರಿ ತಪ್ಪಿ ಬಂದ್ಯಾ?"

"ಇಲ್ಲ ಯಲ್ಲಣ್ಣ, ನಿನ್ನನ್ನೇ ನೋಡೋಣ ಅಂತ."

"ಮೂವತ್ತು ವರ್ಷ ಆದ್ಮೇಲೆ? ಸಾಯ್ತಾವ್ನೆ ಅಂತ ಯಾರಾದ್ರೂ ಹೇಳುದ್ರಾ?"

ಅವನ ಸೊಸೆ ಕಾಫಿ ತಂದಿಟ್ಟಳು. ನಾನು ಸುತ್ತಿ ಬಳಸಿ ಹೇಳಲು ನೋಡಿದೆ, ಆಗಲಿಲ್ಲ. ಹುಡುಗಿ ಬಂದದ್ದು, ನಾನು ಹೂಂ ಅಂದದ್ದು, ಪೋಸ್ಟರು, ಎಲ್ಲ ಹೇಳಿ ಮೊಬೈಲಿನಲ್ಲಿ ಹಾಡು ಹಾಕಿದೆ. ಬೈದರೆ ಬೈಸಿಕೊಳ್ಳೋಣ ಎಂದು ತಲೆ ತಗ್ಗಿಸಿ ಕೂತೆ. ಆ ಜಾಗ ಬಂದಾಗ ಯಲ್ಲಯ್ಯ ನಗಲು ಶುರುಮಾಡಿದ. ನಕ್ಕು ನಕ್ಕು ಕೆಮ್ಮು ಬಂದು, ಸೊಸೆ ಓಡಿ ಬಂದು ಬೆನ್ನು ಸವರಬೇಕಾಯಿತು.

"ಅಯ್ಯೋ ಮಂಕೇ, ಅದು ನೀನೇ ಕಣ್ಲಾ!"

"ನಾನಲ್ಲ ಯಲ್ಲಣ್ಣ. ನಂಗೆ ಮಂಗನಬಾವು ಬಂದಿತ್ತು."

"ಅದ್ ಗೊತ್ತು ಬುಡು. ಅವತ್ತು ಆ ಡೈರೆಕ್ಟ್ರು ಬೆಳಿಗ್ಗಿಂದ ಒಂದೇ ರಾಗ. ಮೂರ್ತಿ ಇದ್ದಿದ್ರೆ ಹಂಗ್ ನುಡುಸ್ತಿದ್ದ, ಮೂರ್ತಿ ಇದ್ದಿದ್ರೆ ಹಿಂಗ್ ನುಡುಸ್ತಿದ್ದ. ನಂಗೆ ರೇಗೋಯ್ತು. ಸರಿ, ಮೂರ್ತಿ ಥರಾನೇ ತಗೊಳ್ಳಿ ಅಂತ ನಿನ್ನ ಅಣಕಿಸ್ದೆ ಕಣ್ಲಾ. ಪ್ರತಿ ಏಟೂ ಒಂದ್ ಚೂರು ಲೇಟು. ಢೋಲಕ್ಕಿನವನು ನಗಾಡ್ತಾನೆ, ಮತ್ತೆ ಟೇಕ್ ಮಾಡುಸ್ತಾರೆ ಅಂದ್ಕೊಂಡಿದ್ದೆ. ಒಳಗಿಂದ ಡೈರೆಕ್ಟ್ರು ಓಕೆ ಅಂದ್ಬುಟ್ರು!"

"ಲೇಟಾ? ನಾನು ಲೇಟಾಗಿ ನುಡಿಸ್ತಿದ್ನಾ?"

ಅವನು ನನ್ನನ್ನೇ ನೋಡಿದ. ಮುಖದಲ್ಲಿ ಕನಿಕರ ಕಾಣಿಸಿತು.

"ನಿಂಗ್ ಗೊತ್ತಿರ್ಲಿಲ್ವೇನ್ಲಾ? ಇಡೀ ಸ್ಟುಡಿಯೋಗೇ ಗೊತ್ತಿತ್ತು. ನಿನ್ ಬೆನ್ನಿಂದೆ ಎಲ್ರೂ ‘ಲೇಟ್ ಅಂಜನಮೂರ್ತಿ’ ಅಂತಿದ್ವಿ."

ಬದುಕಿರುವಾಗಲೇ ಹನ್ನೆರಡು ಜನರ ಬಾಯಲ್ಲಿ ದಿವಂಗತನಾಗಿದ್ದೆ, ನನಗೊಬ್ಬನಿಗೆ ಸುದ್ದಿ ಬಂದಿರಲಿಲ್ಲ.

ಆದರೆ ಅವನು ಹೇಳಿದ್ದು ಸುಳ್ಳಲ್ಲ ಎಂದು ಕೂತಲ್ಲೇ ಹೊಳೆಯಿತು. ಸ್ಟುಡಿಯೋದಲ್ಲಿ ನನಗೆ ಯಾವಾಗಲೂ ಹೆದರಿಕೆ. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ ನುಡಿಸಬೇಕಾಗಿದ್ದ ಕಾಲ ಅದು. ಹಾಗಾಗಿ ಢೋಲಕ್ಕಿನವನ ಪೆಟ್ಟು ಬಿದ್ದದ್ದು ಖಾತ್ರಿಯಾದ ಮೇಲೆ ನಾನು ತಂತಿ ಮುಟ್ಟುತ್ತಿದ್ದೆ. ಅಂಜುಬುರುಕತನದಿಂದ ಆದ ವಿಳಂಬ ಅದು, ಮನೆಯಲ್ಲಿ ಒಬ್ಬನೇ ನುಡಿಸುವಾಗ ಬರುವಂಥದ್ದಲ್ಲ. ಯಲ್ಲಯ್ಯ ಅದನ್ನು ಹೊಟ್ಟೆಕಿಚ್ಚಿನಿಂದ ಅಣಕಿಸಿದ. ಗೂಳೂರಿನಲ್ಲಿ ಒಂದು ಮಗು ಅದಕ್ಕೆ ಬೆನ್ನು ಕೊಟ್ಟು ಕೂತು ಸಂಗೀತ ಕಲಿಯಿತು.

ಕುಣಿಗಲ್ಲಿನಿಂದ ನೇರವಾಗಿ ತುಮಕೂರಿಗೆ ಹೋದೆ. ಬ್ಯಾಂಕಿನ ಊಟದ ಸಮಯದಲ್ಲಿ ತೇಜಸ್ವಿನಿಯನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಅವತ್ತೇ ಹೇಳ್ಬೋದಿತ್ತಲ್ಲ ಸರ್."

"ಹೇಳ್ಬೋದಿತ್ತಮ್ಮ."

"ಮೂರು ವರ್ಷ ಸರ್. ಆ ಲೇಟ್ ಕೈಗೆ ಹತ್ಲಿ ಅಂತ ಮೂರು ವರ್ಷ ಒದ್ದಾಡಿದೀನಿ. ನೀವು ಕಾಫಿ ಕುಡ್ಕೊಂಡು ಹೂಂ ಅಂದ್ರಿ."

ಅವಳು ಬ್ಯಾಂಕಿನ ಬಾಗಿಲ ತನಕ ಹೋಗಿ ತಿರುಗಿ, "ಭಾನುವಾರ ಯಲ್ಲಯ್ಯ ಸರ್‌ನ ಕರ್ಕೊಂಬನ್ನಿ. ಬರ್ಲಿಲ್ಲ ಅಂದ್ರೆ ನೀವೂ ಬರ್ಬೇಡಿ" ಎಂದು ಒಳಗೆ ಹೋದಳು.

ಮನೆಯಲ್ಲಿ ಚಿಕ್ಕಮಾರಮ್ಮನಿಗೂ ಹೇಳಬೇಕಾಯಿತು. ಅವಳು ಬೈಯಲಿಲ್ಲ. "ಮೊದಲೇ ಹೇಳಿದ್ರೆ ಹಾಸನದ ಚಿಕ್ಕಮ್ಮನಿಗಾದ್ರೂ ಮೆಸೇಜ್ ಹಾಕ್ತಿರ್ಲಿಲ್ಲ. ಅವ್ರು ಕಾರು ಬುಕ್ ಮಾಡ್ಕೊಂಡವ್ರೆ" ಎಂದಷ್ಟೇ ಅಂದು ಬೇಳೆ ಆರಿಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಸಭಾಂಗಣದಲ್ಲಿ ಅರವತ್ತು ಕುರ್ಚಿ, ನಲವತ್ತು ಜನ. ಅದರಲ್ಲಿ ಹನ್ನೊಂದು ಜನ ನಮ್ಮ ನೆಂಟರು. ಯಲ್ಲಯ್ಯ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಮಗನ ಜೊತೆ ಬಂದಿದ್ದ. ನನಗೆ ಶಾಲು ಹೊದಿಸಿದ ಕೂಡಲೇ ಮೈಕ್ ತೆಗೆದುಕೊಂಡು, ಈ ಹಾಡಿಗೆ ನುಡಿಸಿದವನು ನಾನಲ್ಲ, ನಾನು ಹೇಳಿದ್ದು ಸುಳ್ಳು ಎಂದೆ. ಜನ ಚಪ್ಪಾಳೆ ತಟ್ಟಿದರು. ವಿನಯದ ಮಾತು ಅಂದುಕೊಂಡಿದ್ದರು. ಮಂಗನಬಾವಿನ ವಿಷಯ ಬಿಡಿಸಿ ಹೇಳಿದೆ, ಇನ್ನೂ ಜೋರಾಗಿ ತಟ್ಟಿದರು. ಶಾಲನ್ನು ತೆಗೆದು ಯಲ್ಲಯ್ಯನಿಗೆ ಹೊದಿಸಿದಾಗ ಹಾಸನದ ಚಿಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಷ್ಟು ಕಷ್ಟಪಟ್ಟು ತಪ್ಪೊಪ್ಪಿಕೊಂಡು ದೊಡ್ಡ ಮನುಷ್ಯನಾಗಿಬಿಟ್ಟೆ.

ಯಲ್ಲಯ್ಯನ ಕೈ ಆಡುತ್ತಿರಲಿಲ್ಲವಾದ್ದರಿಂದ ಹಾಡಿಗೆ ನಾನೇ ಬೇಸ್ ಹಿಡಿದೆ. ಈಗ ಗುಟ್ಟು ಗೊತ್ತಿತ್ತಲ್ಲ, ಲೇಟಾಗಿ ನುಡಿಸಿದರಾಯಿತು ಎಂದುಕೊಂಡಿದ್ದೆ. ಆದರೆ ಲೇಟು ಮಾಡಬೇಕೆಂದು ಎಣಿಸಿಕೊಂಡು ಕಾದರೆ ಬೆರಳು ಒಂದು ಸಲ ಮುಂಚೆಯೇ, ಇನ್ನೊಂದು ಸಲ ತೀರ ತಡವಾಗಿ ಬೀಳುತ್ತಿತ್ತು. ಮೊದಲನೇ ಚರಣದಲ್ಲೇ ಡ್ರಮ್ಮಿನ ಹುಡುಗ ಗಾಬರಿಯಿಂದ ನನ್ನನ್ನು ನೋಡಿದ. ಮುಂದಿನ ಸಾಲಿನಿಂದ ಯಲ್ಲಯ್ಯ ಎಲ್ಲರಿಗೂ ಕೇಳುವ ಹಾಗೆ, "ಆ ಹುಡ್ಗಿಗ್ ಕೊಡ್ಲಾ!" ಎಂದು ಕೂಗಿದ.

ಕೊಟ್ಟೆ. ತೇಜಸ್ವಿನಿ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಹಾಡು ನಿಲ್ಲದ ಹಾಗೆ ಅಲ್ಲಿಂದಲೇ ಎತ್ತಿಕೊಂಡಳು. ನಾನು ವೇದಿಕೆಯ ಪಕ್ಕ ನಿಂತೆ. ಎರಡನೇ ಚರಣಕ್ಕೆ ಮುಂಚಿನ ಆ ಜಾಗ ಬಂತು. ಅವಳ ಬೆರಳು ಪ್ರತಿ ಸ್ವರದ ಮುಂದೆ ಒಂದು ಉಸಿರಿನಷ್ಟು ತಡೆದು ಇಳಿಯಿತು. ಅದರಲ್ಲಿ ನನ್ನ ಹೆದರಿಕೆಯೂ ಇರಲಿಲ್ಲ, ಯಲ್ಲಯ್ಯನ ಅಣಕವೂ ಇರಲಿಲ್ಲ. ಕಾಲಡಿಯ ಹಲಗೆ ಗುಂಯ್ ಎಂದಿತು. ಯಲ್ಲಯ್ಯ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ನಾನು ಮುಖ ಪಕ್ಕಕ್ಕೆ ತಿರುಗಿಸಿದೆ. ನೆಂಟರು ನೋಡುತ್ತಿದ್ದರೆಂದು ಕೆಮ್ಮಿದೆ.

ಆಮೇಲೆ ತೇಜಸ್ವಿನಿಯ ಸಿಟ್ಟು ಇಳಿಯಲು ಇನ್ನೂ ಎರಡು ವಾರ ಬೇಕಾಯಿತು. ಈಗ ಭಾನುವಾರಗಳಂದು ಅವಳ ಅಭ್ಯಾಸಕ್ಕೆ ಹೋಗಿ ಕೂರುತ್ತೇನೆ. ಹೋದ ವಾರ ಯಲ್ಲಯ್ಯನೂ ಬಂದಿದ್ದ. ಬ್ಯಾಂಡಿನವರೇ ಕಟ್ಟಿದ ಹೊಸ ಹಾಡೊಂದಕ್ಕೆ ಬೇಸ್ ಹೇಗಿರಬೇಕೆಂದು ನಾನು ಒಂದು ರೀತಿ ಹೇಳಿದೆ, ಅವನು ಅದಕ್ಕೆ ತದ್ವಿರುದ್ಧ ಹೇಳಿದ. ಇಬ್ಬರೂ ಅರ್ಧ ಗಂಟೆ ಜಗಳವಾಡಿದೆವು. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಇಬ್ಬರದ್ದನ್ನೂ ಬಿಟ್ಟು ಬೇರೆಯದೇ ಏನೋ ನುಡಿಸಿದಳು. ಅದು ಬಹಳ ಚೆನ್ನಾಗಿತ್ತು. ಚೆನ್ನಾಗಿಲ್ಲ ಎಂದು ನಾವಿಬ್ಬರೂ ಒಟ್ಟಿಗೇ ಹೇಳಿದೆವು.