ತೇವ ಪರೀಕ್ಷೆ

"ಈ ಮನುಷ್ಯನಿಗೆ ಗೋಡೆ ಅಂದ್ರೆ ಫೋಟೋ. ಅಷ್ಟೇ," ಎಂದಳು ಹಲ್ಲಿನ ಡಾಕ್ಟರಮ್ಮ.

ಎದುರಿಗೆ ನಿಂತಿದ್ದ ಡಿಸೈನರನ ಕಡೆ ತಿರುಗಿ ಹೇಳಿದ್ದರೆ ಅದು ಬೈಗುಳವಾಗುತ್ತಿತ್ತು. ಪಕ್ಕದ ಮನೆಯ ಗಂಡಹೆಂಡಿರ ಕಡೆ ತಿರುಗಿ ಹೇಳಿದಳು. ಹಾಗಾಗಿ ಅದು ಅವನ ಪರಿಚಯವಾಯಿತು.

ಗಂಡಹೆಂಡಿರು ಬಂದದ್ದೇ ಆ ಗೋಡೆ ನೋಡಲು. ತಮ್ಮ ಹಾಲಿಗೂ ಇಂಥದೇ ಮರದ ಪ್ಯಾನೆಲ್ ಬೇಕು, ಇದೇ ಡಿಸೈನರ್ ಬೇಕು ಎಂದುಕೊಂಡು ಬಂದವರು ಈಗ ನೆಲ ನೋಡುತ್ತ ನಿಂತಿದ್ದರು. ನೆಲವೂ ಅವನದೇ ಆಯ್ಕೆ. ಅದರಲ್ಲಿ ಸದ್ಯಕ್ಕೆ ಯಾವ ದೋಷವೂ ಕಾಣುತ್ತಿರಲಿಲ್ಲ.

ಪ್ಯಾನೆಲ್ಲಿಗೆ ಮೊಣಕಾಲಿನ ಎತ್ತರದಲ್ಲಿ ಹೊಟ್ಟೆ ಬಂದಿತ್ತು. ಕೆಳಗಿನ ಅಂಚು ಬಾಯಿ ಬಿಟ್ಟಿತ್ತು, ಒಳಗೆ ಕಪ್ಪು ಚುಕ್ಕೆ. ಅದರ ಬುಡಕ್ಕೇ ಇದ್ದ ಸೋಫಾದಲ್ಲಿ ಡಾಕ್ಟರಮ್ಮನ ಮಾವ ಹಗಲು ಹೊತ್ತಲ್ಲೂ ಶಾಲು ಹೊದ್ದು ಕೂತಿದ್ದರು. ಅವರು ಎಂಟು ತಿಂಗಳಿಂದ ಕೆಮ್ಮುತ್ತಿದ್ದರು. ಪ್ಯಾನೆಲ್ಲಿಗೂ ಎಂಟು ತಿಂಗಳು.

"ಹುಳುಕು ಹಲ್ಲಿಗೆ ಕ್ಯಾಪ್ ಕೂರಿಸಿ ಕಳಿಸಿದ್ರೆ ರೋಗಿ ನನ್ನ ಸುಮ್ನೆ ಬಿಡ್ತಾನಾ?"

"ಬಿಡಲ್ಲ ಮೇಡಂ," ಎಂದ ಬಾಗಿಲಲ್ಲಿ ಕ್ಲಿನಿಕ್ಕಿನ ಬೀಗದ ಕೈ ಹಿಡಿದು ನಿಂತಿದ್ದ ಕಾಂಪೌಂಡರ್. ಅವನನ್ನು ಯಾರೂ ಕೇಳಿರಲಿಲ್ಲ.

ಅವಳು ಫೋನು ತೆಗೆದು ಓದತೊಡಗಿದಳು. ಸ್ಪಷ್ಟವಾಗಿ, ಔಷಧಿ ಚೀಟಿ ಓದುವ ಹಾಗೆ. "'ತೇವ ಕಂಡರೆ ಮುಚ್ಚಬೇಡಿ. ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಮುಚ್ಚಿದ ತೇವ ಗೋಡೆ ಬಿಟ್ಟು ಮನೆಯವರ ಎದೆಗೆ ಇಳಿಯುತ್ತದೆ.' ಯಾರು ಸ್ವಾಮಿ ಬರೆದಿದ್ದು ಇದನ್ನ?"

ಬ್ಲಾಗಿನ ಹೆಸರು 'ಗೋಡೆ ಗೆಳೆಯ'. ಬರೆದದ್ದು ಅವನೇ. ಕಾಫಿ ಆರುವುದರೊಳಗೆ ಬರೆದಿದ್ದ. 'ಎದೆಗೆ ಇಳಿಯುತ್ತದೆ' ಎಂಬ ಮಾತು ಹೊಳೆದಾಗ ತನಗೇ ಖುಷಿಯಾಗಿದ್ದು ನೆನಪಾಯಿತು. ಮಾವ ಕೆಮ್ಮಿದರು.

"ಒಂದೇ ಮಾತು ಹೇಳಿ. ಒಳಗೆ ತೇವ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿದ್ದೂ ಯಾರಾದ್ರೂ ಮಾಡ್ತಾರಾ?"

"ನಾನು ಕೇಳಿದ್ದು ಅದಲ್ಲ."

"ಗೋಡೆ ನೋಡ್ಕೊಂಡಿದ್ದು ಮೇಸ್ತ್ರಿ. ತೇವ ಇದ್ರೆ ಅವರು ಹೇಳ್ಬೇಕಿತ್ತು. ಹೇಳಲಿಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು. ಒಳ್ಳೆಯ ಜಾರುಪಟ್ಟಿ ಹಾಕಿಸಿದ ಡ್ರಾಯರಿನಂತೆ ಬೆರಳು ತಾಗಿಸಿದ್ದೇ ತಡ, ಸದ್ದಿಲ್ಲದೆ ಜಾರಿ ಮುಚ್ಚಿಕೊಂಡಿತು. ಅವನಿಗೇ ಆಶ್ಚರ್ಯ.

ಡಾಕ್ಟರಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ದಿನವೂ ತೆರೆದ ಬಾಯಿಗಳ ಒಳಗೆ ನೋಡುವವಳು ಮುಚ್ಚಿದ ಬಾಯಿಯನ್ನು ನೋಡುವ ರೀತಿ ಬೇರೆ.

"ಸರಿ. ಮೂರು ಗಂಟೆಗೆ ಮೇಸ್ತ್ರೀನ ಕರ್ಸಿ. ಎಲ್ಲರ ಎದುರಿಗೇ ಬಿಚ್ಚೋಣ. ನನ್ನ ಹೊಸ ಕ್ಲಿನಿಕ್ಕಿನ ಕೆಲಸ ನಿಮ್ಮಿಬ್ರಿಗೂ ಹೇಳಿದೀನಲ್ಲ, ತಪ್ಪು ಯಾರದೋ ಅವರು ಅಲ್ಲಿಗೆ ಕಾಲಿಡೋದು ಬೇಡ. ಇನ್ನೊಬ್ರು ಮಾಡ್ಲಿ."

*

ಕಾರಿನಲ್ಲಿ ಕೂತು ಮೇಸ್ತ್ರಿಗೆ ಫೋನು ಮಾಡಿದ.

"ಮೂರು ಗಂಟೆಗೆ ಡಾಕ್ಟರಮ್ಮನ ಮನೆಗೆ ಬನ್ನಿ. ಹಾಲಿನ ಪ್ಯಾನೆಲ್ ಬಿಚ್ಬೇಕು."

"ಉಬ್ಬಿತಾ ಸಾರ್?"

"ಸ್ವಲ್ಪ."

"ಆವತ್ತೇ ಹೇಳಿದ್ದೆ."

"ಅದನ್ನ ಅಲ್ಲಿ ಎತ್ಬೇಡಿ."

"ಯಾವುದನ್ನ?"

"ನೀವು ಗಮನಿಸಲಿಲ್ಲ ಅಂದ್ಬಿಡಿ. ಇದೊಂದು ಸಲ. ಮುಂದಿನ ಮನೆಗಳೆಲ್ಲ ನಿಮಗೇ."

ಆ ಕಡೆ ಗರಗಸದ ಸದ್ದು ನಿಂತಿತು. ಮೇಸ್ತ್ರಿ ಆ ಕ್ಲಿನಿಕ್ಕಿನ ನಾಲ್ಕು ಕೋಣೆಗಳನ್ನು ನಂಬಿಕೊಂಡು ಬೇರೆ ಎರಡು ಕೆಲಸ ಬಿಟ್ಟಿದ್ದ. ಅದು ಇಬ್ಬರಿಗೂ ಗೊತ್ತಿತ್ತು.

"ಬರ್ತೀನಿ ಸಾರ್," ಎಂದು ಮೇಸ್ತ್ರಿ ಫೋನಿಟ್ಟ. ಒಪ್ಪಿದನೋ ಇಲ್ಲವೋ ಆ ಎರಡು ಮಾತಿನಿಂದ ತಿಳಿಯುವಂತಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರ ತೊಂದರೆಯೇ ಇದು, ಎಂದುಕೊಂಡ. ಮಾತಿನ ಒಳಗೆ ಏನಿದೆಯೆಂದು ಬಿಟ್ಟುಕೊಡುವುದಿಲ್ಲ.

ಎಂಟು ತಿಂಗಳ ಹಿಂದೆ ಆ ಗೋಡೆಯ ಮೇಲೆ ಅಂಗೈ ಇಟ್ಟು "ತಣ್ಣಗಿದೆ ಸಾರ್" ಎಂದದ್ದು ಮೇಸ್ತ್ರಿಯೇ. ಪ್ಲೈವುಡ್ ಹಾಳೆಗೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ಕನ್ನು ಚೌಕವಾಗಿ ಕತ್ತರಿಸಿ, ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪು ಹೊಡೆದಿದ್ದ. "ಎರಡು ದಿನ ಬಿಡಿ. ಹನಿ ಪ್ಲಾಸ್ಟಿಕ್ಕಿನ ಒಳಗಡೆ ಕೂತರೆ ಗೋಡೆಯದು. ಹೊರಗಡೆ ಕೂತರೆ ನಮ್ಮ ಉಸಿರಿನದು."

ಅವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅಲ್ಲೇ ನಿಂತು ಫೋನಿನಲ್ಲಿ ಬರೆದುಕೊಂಡ. ತನ್ನ ಮಾತೆಂದೇ ಬರೆದುಕೊಂಡ. ಐದು ವರ್ಷ ಕಾಲೇಜಿನಲ್ಲಿ ಓದಿ ಕಲಿತದ್ದು ಇದೊಂದೇ, ಕಂಡದ್ದನ್ನು ತನ್ನದಾಗಿ ಬರೆಯುವುದು. ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಮಾರ್ಕರಿನಿಂದ ತಾರೀಖು ಬರೆದ. ಕೆಳಗೆ 'ಗೋಡೆ ಗೆಳೆಯ' ಎಂದು ಮುದ್ದಾಗಿ ಬರೆದ, ಫೋಟೋವನ್ನು ಯಾರೂ ಕದಿಯಬಾರದೆಂದು.

ಎರಡು ದಿನ ಬಿಟ್ಟು ಹನಿ ಒಳಗಡೆ ಕೂತಿತ್ತು. ಸಣ್ಣ ಸಣ್ಣದಾಗಿ, ಒತ್ತೊತ್ತಾಗಿ.

"ಮೇಲಿನ ಬಾತ್‌ರೂಮಿನ ಪೈಪು ಸಾರ್. ಒಡೆದು ನೋಡ್ಬೇಕು. ಹದಿನೈದು ದಿನ ಹಿಡಿಯುತ್ತೆ."

"ನಾಳೆ ಫೋಟೋದವನು ಬರ್ತಾನೆ."

"ಫೋಟೋ ಆಮೇಲೂ ತೆಗೀಬಹುದಲ್ಲ."

"ಮುಚ್ಚಿ ಮೇಸ್ತ್ರಿ."

ಮೇಸ್ತ್ರಿ ಇನ್ನೊಂದು ಸಲ ಹೇಳಲಿಲ್ಲ. ಮುಚ್ಚಿದ. ಅದನ್ನು ನೋಡಲು ಕಾಯದೆ ಅವನು ಬಣ್ಣದ ಅಂಗಡಿಗೆ ಹೋಗಿದ್ದ.

*

ಮನೆಯಲ್ಲಿ ಹೆಂಡತಿ ಅಡುಗೆಮನೆಯ ಸಿಂಕಿನ ಕೆಳಗಿಂದ ಬಕೆಟ್ಟು ಎಳೆಯುತ್ತಿದ್ದಳು.

"ನಿನ್ನೆ ರಾತ್ರಿ ನೀವು ಹಾಕಿದ್ದು ಓದಿದೆ," ಎಂದಳು. "'ಸೋರುವ ಸಿಂಕಿಗೆ ಐದೇ ನಿಮಿಷ.' ಚೆನ್ನಾಗಿ ಬಂದಿದೆ. ಬಕೆಟ್ ತುಂಬಿದೆ."

"ಸಂಜೆ ನೋಡ್ತೀನಿ."

"ನೋಡೋಕೆ ಏನಿದೆ? ನೀರೇ."

"ವಾಷರ್ ತರ್ಬೇಕು."

"ತಂದು ಮೂರು ವಾರ ಆಯ್ತು. ಅದರದ್ದೂ ಫೋಟೋ ತೆಗೆದಿರಿ." ಬಕೆಟ್ಟನ್ನು ಬಚ್ಚಲಿಗೆ ಸುರಿದು ಬಂದಳು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಾನೀಲಿ ಬಿತ್ತಂತೆ. ನಮ್ಮಮ್ಮ ಹೇಳ್ತಿದ್ರು. ನಿಮಗಲ್ಲ, ಸುಮ್ನೆ ಹೇಳಿದೆ."

"ನಿನಗೇನು ಬೇಕು ಈಗ?"

"ಬಕೆಟ್ಟು. ಇನ್ನೊಂದು. ಇದನ್ನ ಎತ್ತೋವಾಗ ಕೆಳಗಿಡೋಕೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಎಲ್ಲೋ ಹಳೆಯ ಬಕೆಟ್ಟೊಂದರ ಜೊತೆ ಚರಂಡಿ ಸೇರಿತ್ತು. ಇಬ್ಬರೂ ಎದುರುಬದುರು ಕೂತು ಊಟ ಮಾಡಿದರು. ಸಿಂಕಿನ ಕೆಳಗೆ ಹನಿ ಬೀಳುವ ಸದ್ದು ಮೊದಲು ಟಣ್ ಎಂದು, ಬರಬರುತ್ತ ಮೆತ್ತಗಾಯಿತು. ಬಕೆಟ್ಟಿನ ತಳ ಮುಚ್ಚಿತೆಂದು ಇಬ್ಬರಿಗೂ ತಿಳಿಯಿತು. ಮನೆಯಲ್ಲಿ ಇಬ್ಬರೂ ಒಟ್ಟಿಗೆ ಕೇಳಿಸಿಕೊಳ್ಳುವುದು ಅದೊಂದೇ ಉಳಿದಿತ್ತು.

ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದ. 'ಗೋಡೆ ತೇವವೇ? ಒಂದು ಸರಳ ಪರೀಕ್ಷೆ.' ಅವನು ಬರೆದದ್ದರಲ್ಲಿ ಜನ ಅತಿ ಹೆಚ್ಚು ಓದಿದ್ದು ಇದನ್ನೇ. ಫೋಟೋದಲ್ಲಿ ಬಿಳಿ ಗೋಡೆ, ಪ್ಲಾಸ್ಟಿಕ್ ಚೌಕ, ತಾರೀಖು, ಒಳಗೆ ಹನಿ. ಅಂಚಿನಲ್ಲಿ ಬೆರಳಗಲ ಹಸಿರು, ಡಾಕ್ಟರಮ್ಮನ ಕಿಟಕಿಯ ಚೌಕಟ್ಟು. ಆ ಹಸಿರನ್ನು ಅವಳೇ ಹಟ ಹಿಡಿದು ಆರಿಸಿದ್ದಳು. ಬೆಳಿಗ್ಗೆ ಅವಳು ಓದಿದ್ದು ಬೇರೆ ಬರಹ, ಇದು ಕಣ್ಣಿಗೆ ಬಿದ್ದರೆ ಕತೆ ಮುಗಿದಂತೆ.

ಕೆಳಗೆ ಓದುಗರು ಬರೆದಿದ್ದರು: 'ತುಂಬಾ ಉಪಯುಕ್ತ.' 'ನಿಮ್ಮಂಥವರು ಬೇಕು ಸರ್.' ಕೊನೆಯಲ್ಲಿ ಯಾರೋ ಒಬ್ಬಳು: 'ಹನಿ ಒಳಗಡೆ ಬಂದಿದೆ. ಮನೆಯಲ್ಲಿ ಕೂಸಿದೆ. ಮುಂದೇನು ಮಾಡಲಿ?' ಅದಕ್ಕೆ ಎಂಟು ತಿಂಗಳಾಗಿತ್ತು. ಅವನು ಉತ್ತರ ಬರೆದಿರಲಿಲ್ಲ. ಮುಂದೇನೆಂದು ಅವನಿಗೆ ಆವತ್ತು ಗೊತ್ತಿತ್ತು, ಮೇಸ್ತ್ರಿ ಹೇಳಿದ್ದ. ಬರೆದರೆ ತಾನೇ ಓದಬೇಕಾಗುತ್ತಿತ್ತು.

ಅಳಿಸು ಎಂಬುದನ್ನು ಒತ್ತಿದ. ಖಂಡಿತವಾಗಿಯೂ ಅಳಿಸಬೇಕೆ ಎಂದು ಯಂತ್ರ ಕೇಳಿತು. ಇಷ್ಟು ಮರ್ಯಾದೆಯಿಂದ ಇವತ್ತು ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಹೌದೆಂದ.

ಗೋಡೆ ಹೋಯಿತು. ಹನಿ, ತಾರೀಖು, ಹಸಿರು, ಕೂಸಿನ ತಾಯಿ, ಎಲ್ಲ ಹೋದವು. ಅವನು ಮುಖ ತೊಳೆದು ಬೇರೆ ಶರ್ಟು ಹಾಕಿಕೊಂಡ. ಬಿಳಿಯದು.

*

ಮೂರು ಗಂಟೆಗೆ ಹಾಲಿನಲ್ಲಿ ಬೆಳಗಿನ ಅಷ್ಟೂ ಜನ ಇದ್ದರು. ಪಕ್ಕದ ಮನೆಯವರು ಕೂಡ, ಈ ಸಲ ಕುರ್ಚಿ ಹಾಕಿಕೊಂಡು. ಮಾವನನ್ನು ಸೋಫಾದ ಸಮೇತ ಕಿಟಕಿಯ ಕಡೆ ಸರಿಸಿದ್ದರು. ಮೇಸ್ತ್ರಿ ಚಪ್ಪಲಿ ಹೊರಗೆ ಬಿಟ್ಟು, ಉಳಿ ಸುತ್ತಿಗೆಗಳನ್ನು ನೆಲಕ್ಕೆ ಗೀರು ಬೀಳದಂತೆ ಬಟ್ಟೆ ಹಾಸಿ ಇಟ್ಟ.

"ಮೇಸ್ತ್ರಿ, ತೇವ ಇದ್ದಿದ್ದು ನೀವು ಇವರಿಗೆ ಹೇಳಲೇ ಇಲ್ವಂತೆ," ಎಂದಳು ಡಾಕ್ಟರಮ್ಮ.

ಮೇಸ್ತ್ರಿ ಅವನನ್ನು ನೋಡಿದ. ಅವನು ಪ್ಯಾನೆಲ್ಲನ್ನು ನೋಡಿದ.

"ಹೇಳ್ಬೇಕಿತ್ತು ಮೇಸ್ತ್ರಿ ನೀವು," ಎಂದ ಅವನು. ದನಿಯಲ್ಲಿ ಒಂದಿಷ್ಟು ನೋವು ಕೂಡ ತಂದುಕೊಂಡಿದ್ದ. "ಇಷ್ಟು ವರ್ಷ ಜೊತೇಲಿ ಕೆಲಸ ಮಾಡಿ..."

"ಹೇಳ್ಬೇಕಿತ್ತು," ಎಂದ ಮೇಸ್ತ್ರಿ. ಅಷ್ಟೇ ಹೇಳಿ ಉಳಿ ಎತ್ತಿಕೊಂಡ.

ಗೆದ್ದೆ ಎನಿಸಿತು ಅವನಿಗೆ. ಖುಷಿಯೂ ಇಲ್ಲ, ನಾಚಿಕೆಯೂ ಇಲ್ಲ. ಖಾಲಿ ಕೋಣೆಯ ಅಳತೆ ತೆಗೆಯುವಾಗಿನ ಹಾಗೆ ಎಲ್ಲ ಬರಿದಾಗಿ, ಚೊಕ್ಕಟವಾಗಿ ಇತ್ತು.

ಮೇಸ್ತ್ರಿ ಅಂಚಿಗೆ ಉಳಿ ಕೊಟ್ಟು ಮೀಟಿದ. ಮೊಳೆಗಳು ಒಂದೊಂದಾಗಿ ಕಿರುಗುಟ್ಟಿ ಬಿಟ್ಟುಕೊಂಡವು. ಪ್ಯಾನೆಲ್ಲನ್ನು ಇಡಿಯಾಗಿ ತಬ್ಬಿ ಪಕ್ಕಕ್ಕೆ ಒರಗಿಸಿದ. ಒದ್ದೆ ಗೋಣಿಚೀಲದ ವಾಸನೆ ಹಾಲಿನ ತುಂಬ ಹರಡಿತು. ಮಾವ ಶಾಲನ್ನು ಮೂಗಿಗೆ ಒತ್ತಿಕೊಂಡರು. ಗೋಡೆ ಕಪ್ಪಗೆ, ರೋಮ ಬೆಳೆದ ಹಾಗೆ ಬೂಸ್ಟು ಹಿಡಿದು ನಿಂತಿತ್ತು.

ಅದರ ನಡುವೆ, ಮರದ ಎರಡು ಪಟ್ಟಿಗಳ ಮಧ್ಯೆ, ಪ್ಲಾಸ್ಟಿಕ್ಕಿನ ಚೌಕ.

ಅದು ಅಲ್ಲೇ ಇತ್ತು. ಮೇಸ್ತ್ರಿ ಕಿತ್ತಿರುತ್ತಾನೆಂದು ಅವನು ಅಂದುಕೊಂಡಿದ್ದ. ಹಾಗೆ ಅಂದುಕೊಂಡಿದ್ದ ಎಂಬುದೂ ನಿಜವಲ್ಲ. ಫೋಟೋ ತೆಗೆದ ಮೇಲೆ ಅದು ಎಲ್ಲಿಯಾದರೂ ಇರುತ್ತದೆ ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ.

ಡಾಕ್ಟರಮ್ಮ ಹತ್ತಿರ ಹೋಗಿ, ಮುಟ್ಟದೆ, ಬಗ್ಗಿ ಓದಿದಳು. "ನಾಲ್ಕನೇ ತಾರೀಖು. 'ಗೋಡೆ ಗೆಳೆಯ'." ಬೆನ್ನು ನೆಟ್ಟಗೆ ಮಾಡಿದಳು. "ಪ್ಯಾನೆಲ್ ಹೊಡೆದಿದ್ದು ಯಾವತ್ತು ಮೇಸ್ತ್ರಿ?"

"ಆರನೇ ತಾರೀಖು ಅಮ್ಮ."

"ಅಕ್ಷರ ದುಂಡಗಿದೆ," ಎಂದರು ಮಾವ. ಆ ದಿನ ಅವರು ಆಡಿದ ಮೊದಲ ಮಾತು ಅದು. ಕಾಂಪೌಂಡರ್ ನಕ್ಕುಬಿಟ್ಟು, ಕೆಮ್ಮು ಬಂದವನಂತೆ ನಟಿಸಿದ.

"ಇದು ಗೊತ್ತಿದ್ದೂ ಮುಚ್ಚಿದ್ರಾ?" ಅವಳು ಮೇಸ್ತ್ರಿಯನ್ನು ಕೇಳಿದಳು.

"ಒಂದು ಸಲ ಬೇಡ ಅಂದೆ. ಎರಡನೇ ಸಲ ಅನ್ನಲಿಲ್ಲ. ಅದು ನನ್ನ ತಪ್ಪು, ಹೇಳ್ಬೇಕಿತ್ತು," ಎಂದ ಮೇಸ್ತ್ರಿ. "ಕ್ಲಿನಿಕ್ಕು ಬೇಡ ಅಂದ್ರೆ ಬೇಡ ಅಮ್ಮ. ಇದನ್ನ ಕೀಳೋದು ಮಾತ್ರ ಬೇಡ ಅಂತ ಆವತ್ತೇ ಬಿಟ್ಟೆ."

ಚೌಕದ ಎರಡು ಅಂಚಿನ ಟೇಪು ಕೊಳೆತಿತ್ತು. ಎರಡು ಅಂಚು ಇನ್ನೂ ಹಿಡಿದಿದ್ದವು. ಮೇಸ್ತ್ರಿ ಅದನ್ನು ಹರಿಯದಂತೆ, ಗಾಯದ ಪಟ್ಟಿ ಬಿಡಿಸುವವನಂತೆ, ಮೆಲ್ಲಗೆ ಬಿಡಿಸಿದ. ಬೂಸ್ಟನ್ನು ಬಟ್ಟೆಯಿಂದ ಒರೆಸಿದ. ಅವನ ಹತ್ತಿರ ಬಂದು, ಬಿಳಿ ಶರ್ಟಿನ ಎದೆಗೆ ಅದನ್ನು ಇಟ್ಟು, ಅಂಗೈಯಿಂದ ಒತ್ತಿ ಅಂಟಿಸಿದ. ಟೇಪಿನ ಅಂಚನ್ನು ಹೆಬ್ಬೆರಳಿನಿಂದ ತೀಡಿದ. ಕೆಲಸದಲ್ಲಿ ಮೇಸ್ತ್ರಿ ಯಾವತ್ತೂ ಅಚ್ಚುಕಟ್ಟು.

"ಈಗ ನೀವೇ ಹೇಳಿ ಸಾರ್. ಹನಿ ಯಾರದು?"

ಎಲ್ಲರೂ ಅವನ ಬಾಯಿ ನೋಡಿದರು.

ಅವನು ಬಾಗಿಲ ಕಡೆ ನಡೆದ. ಕಾಂಪೌಂಡರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ರೋಗಿಗೆ ಬಿಡುವ ಹಾಗೆ. ಮೆಟ್ಟಿಲಿಳಿದು, ಕಾರನ್ನು ದಾಟಿ, ಕಾರು ತನ್ನದೆಂದು ಹೊಳೆಯದೆ, ರಸ್ತೆಗೆ ಬಂದ. ಬಿಸಿಲು ಚುರುಕಾಗಿತ್ತು. ಎದುರಿಗೆ ಬಂದ ಹೆಂಗಸೊಬ್ಬಳು ಅವನ ಎದೆಯನ್ನು ಓದಿ, ಮುಖ ನೋಡಿ, ದಾಟಿ ಹೋದಳು.

ಕಿತ್ತು ಬಿಸಾಡಬಹುದಿತ್ತು. ಕೀಳಬೇಕಾದರೆ ಬಗ್ಗಿ ನೋಡಬೇಕಾಗುತ್ತಿತ್ತು. ಹೆಜ್ಜೆಗೊಮ್ಮೆ ಪ್ಲಾಸ್ಟಿಕ್ಕು ಚರಚರ ಎನ್ನುತ್ತಿತ್ತು. ಅದರ ಒಳಗಡೆ, ಎದೆಯ ಮೇಲಿನ ಚೌಕವಾದ ಜಾಗವೊಂದು ತಣ್ಣಗೆ ಮಂಜು ಕಟ್ಟತೊಡಗಿತ್ತು. ಅವನು ಕತ್ತು ನೆಟ್ಟಗೆ ಇಟ್ಟುಕೊಂಡು ನಡೆದ.